ನಾಡಿದ್ದು ಹೋಗುವವನು

"ಲೇ ಕಳಕ್ಯಾ, ಇದು ನನ್ನ ಮನಿ, ಆಕಿ ನನ್ನ ಹೆಣ್ತಿ. ನಡುವ ಬರಾಕ ನೀ ಯಾಂವಲೇ?" ಎಂದು ಪರಪ್ಪ ಮುಚ್ಚಿದ ಕದದ ಒಳಗಿನಿಂದಲೇ ಕೂಗಿದ. ಮರುಕ್ಷಣ ಮಗ್ಗದ ಕೋಲು ಮೈಮೇಲೆ ಬಿದ್ದ ಸದ್ದಾಯಿತು. ಅವನ ಹೆಂಡತಿ ಅನ್ನವ್ವ ಚೀರಿದಳು. ಗಜೇಂದ್ರಗಡದ ಆ ನೇಕಾರರ ಓಣಿಯ ಜನ ತಮ್ಮ ತಮ್ಮ ಬಾಗಿಲಲ್ಲೇ ನಿಂತಿದ್ದರು.

ಹೊರಗೆ ಕದ ಬಡಿಯುತ್ತಿದ್ದವನು ರಜೆಯ ಮೇಲೆ ಬಂದಿದ್ದ ಪಕ್ಕದ ಮನೆಯ ಸೈನಿಕ ಕಳಕೇಶ. ಅವನಿಗೆ ಆ ಮಾತು ಹೊಸದಲ್ಲ. ಕಳೆದ ವರ್ಷ ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ತೊಟ್ಟು ಆಫ್ರಿಕಾದ ಒಂದು ದೇಶದಲ್ಲಿ ಕಾವಲಿದ್ದಾಗ, ಬೇಲಿಯಾಚೆ ಮಚ್ಚು ಹಿಡಿದ ಗುಂಪೊಂದು ಒಂದು ಊರಿನ ಜನರನ್ನು ಕಡಿಯುತ್ತಿತ್ತು. ಇದು ನಮ್ಮ ದೇಶದ ವಿಷಯ ಎಂದಿತ್ತು ಅಲ್ಲಿನ ಸರ್ಕಾರ. ಬೇಲಿ ದಾಟಲು ಅಪ್ಪಣೆ ಬರಲೇ ಇಲ್ಲ. ಸಂಜೆಯವರೆಗೂ ಅವನು ಬಂದೂಕು ಹಿಡಿದು ಆ ಚೀರಾಟ ಕೇಳಿದ್ದ.

ಈ ಸಲ ಕದ ಒದ್ದು ಮುರಿದ. ಕೋಲು ಕಸಿದುಕೊಂಡು ಪರಪ್ಪನನ್ನು ಬಡಿದ. ಅವನು ಬಿದ್ದ ಮೇಲೂ, ಅವನ ಮುಂಗೈ ಲಟಕ್ಕನೆ ಮುರಿದ ಮೇಲೂ ಬಡಿದ. ಕೊನೆಗೆ ಅನ್ನವ್ವನೇ ಅಡ್ಡ ಬಂದು ತೋಳು ಹಿಡಿದಳು. ಅವಳ ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು.

"ಸಾಕ ಬಿಡೋ ತಮ್ಮಾ, ಸಾಯ್ತಾನ. ನಿನ್ನ ರಜಾ ಎಂದ ಮುಗೀತೈತಿ?"

"ನಾಡದ, ಯಕ್ಕಾ."

ನೆಲದ ಮೇಲಿದ್ದ ಪರಪ್ಪ ರಕ್ತ ಉಗುಳಿ ನಕ್ಕ. "ಇಂವ ಹೋಗಲಿ ತಡಿ," ಎಂದ ಹೆಂಡತಿಗೆ.

ಅನ್ನವ್ವ ಆ ನಗುವನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಓಣಿಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಪೊಲೀಸ್ ಠಾಣೆಗೆ ಹೊಂಟೀನಿ. ಇಷ್ಟ ದಿನ ನೋಡ್ಕೋತ ನಿಂತವರು ಬಂದು ಸಾಕ್ಷಿ ಹೇಳ್ರಿ."