ಕೊನೆಯ ನೆಗ್ಗು

ಶ್ರೀಕಂಠಯ್ಯ ಎರಡು ವರ್ಷ ದಿನಾ ಬೆಳಿಗ್ಗೆ ಮನೆಯ ಗ್ಯಾರೇಜಿನಲ್ಲಿ ಕೂತು, ಹಳೆಯ ಸ್ಪೋರ್ಟ್ಸ್ ಕಾರಿನ ಮೈಮೇಲಿನ ನೆಗ್ಗುಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಗೆದರು. ಕೆಂಪು ಬಣ್ಣ ಬಳಿದು ಮುಗಿಸಿದ ದಿನ ಪಕ್ಕದ ಮನೆಯ ಅಂಬುಜಾಕ್ಷಿ ಬಂದು ನಿಂತರು.

"ಇಷ್ಟು ದಿನ ನನ್ನ ಗಲಾಟೆ ಸಹಿಸ್ಕೊಂಡ್ರಿ, ಕ್ಷಮಿಸ್ಬೇಕಮ್ಮ," ಎಂದರು ಶ್ರೀಕಂಠಯ್ಯ.

"ಹಾಗಾದ್ರೆ ನಾಳೆಯಿಂದ ತಟ್ಟೋದಿಲ್ವಾ?"

"ಇನ್ನೆಲ್ಲಿ ತಟ್ಟಲಿ? ಹುಡುಕಿದ್ರೂ ಒಂದು ನೆಗ್ಗಿಲ್ಲ."

ಅಂಬುಜಾಕ್ಷಿ ಪಕ್ಕದಲ್ಲಿದ್ದ ಸುತ್ತಿಗೆ ಎತ್ತಿ ಬಾನೆಟ್ಟಿನ ನಟ್ಟನಡುವೆ ಧಣ್ಣನೆ ಬಾರಿಸಿದರು.

"ಅಯ್ಯಯ್ಯೋ! ಏನ್ರಮ್ಮ ಇದು?" ಶ್ರೀಕಂಠಯ್ಯ ಬಾನೆಟ್ಟನ್ನು ತಬ್ಬಿಕೊಂಡರು.

ಅಂಬುಜಾಕ್ಷಿ ಕೈಮುಗಿದರು. "ತಪ್ಪು ತಿಳ್ಕೋಬೇಡಿ. ನಮ್ಮ ಯಜಮಾನ್ರು ಬೆಳಿಗ್ಗೆ ಹೊತ್ತು ಸಂಗೀತ ಅಭ್ಯಾಸ ಮಾಡ್ತಾರೆ. ನಿಮ್ಮ ದಯೆಯಿಂದ ಎರಡು ವರ್ಷ ನಂಗೆ ಕೇಳಿಸ್ಲಿಲ್ಲ."