ಲಿಂಗ ಕೈಯಲ್ಲಿರುವ ತನಕ

ಗೌರವ್ವ ಲಿಂಗಪೂಜೆಗೆ ಕುಳಿತವಳು ಏಳುವ ಹೊತ್ತಾದರೂ ಏಳಲಿಲ್ಲ. ದಿನಾ ಅವಳ ಪೂಜೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು. ಹಣೆಯ ವಿಭೂತಿ ಒಣಗುವ ಮೊದಲೇ ಕೈ ಹಿಟ್ಟಿನಲ್ಲಿರುತ್ತಿತ್ತು. ಇವತ್ತು ಬಿಸಿಲು ಪಡಸಾಲೆಯ ಕಂಬ ದಾಟಿ ಒಳಗೆ ಬಂದರೂ, ಎಡಗೈಯಲ್ಲಿ ಲಿಂಗ ಹಿಡಿದು, ಕಣ್ಣು ಅರೆಮುಚ್ಚಿ, ಅಲ್ಲಾಡದೆ ಕುಳಿತಿದ್ದಳು. ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು, ಹಿತ್ತಲಲ್ಲಿ ಎಮ್ಮೆ ಒದರುತ್ತಿತ್ತು. ಒಲೆ ಇನ್ನೂ ಹೊತ್ತಿರಲಿಲ್ಲ.

ಕೂಸು, ಎಮ್ಮೆಗಳಿಗಿಂತ ದೊಡ್ಡ ಸಂಕಟ ಗಂಡ ಸೋಮಪ್ಪನದು. ಊರಿನ ಹೊಸ ಪಂಚಾಯಿತಿಗೆ ಆತ ಚೇರಮನ್. ಹುಕ್ಕೇರಿಯಲ್ಲಿ ಅವತ್ತು ಮಹಿಳಾ ಮಂಡಳದ ಉದ್ಘಾಟನೆ. ‘ತಾಯಿಯ ಮಹಿಮೆ’ ಎಂಬ ವಿಷಯದ ಮೇಲೆ ಆತನದೇ ಭಾಷಣ. ತಾಲೂಕಿನ ಮಾಮಲೇದಾರರು ಬರುವವರಿದ್ದರು. ಒಂಬತ್ತರ ಬಸ್ಸು ತಪ್ಪಿದರೆ ಮುಂದಿನದು ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಸಭೆ ಮುಗಿದು ಚಾಪೆ ಸುತ್ತಿಟ್ಟಿರುತ್ತಾರೆ. ನಾಲ್ಕು ಪುಟದ ಭಾಷಣವನ್ನು ನಿನ್ನೆ ಸಂಜೆ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೇ ಮೊದಲು ಓದಿ ತೋರಿಸಿದ್ದ. ‘ತಾಯಿಗೆ ಬಿಡುವೆಂಬುದಿಲ್ಲ, ಅದು ಆಕೆಗೆ ಬೇಕಾಗಿಯೂ ಇಲ್ಲ’ ಎಂಬಲ್ಲಿಗೆ ಬಂದಾಗ ಅವನೇ ಕಣ್ಣು ಒರೆಸಿಕೊಂಡಿದ್ದ. ಗೌರವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ್ದಳು.

“ಏ ಗೌರವ್ವಾ, ಟಾಯಮ್ ಆತು. ಬುತ್ತಿ ಎಲ್ಲೈತಿ?” ಎಂದ ಸೋಮಪ್ಪ.

“ಲಿಂಗ ಕೈಯಾಗ ಐತಿ, ಮಾತಾಡಸಬ್ಯಾಡ,” ಎಂದಳು ಮೂಲೆಯಲ್ಲಿ ಮೊರ ಹಿಡಿದು ಜೋಳದೊಳಗಿನ ಹರಳು ಆರಿಸುತ್ತಿದ್ದ ಅವನ ತಾಯಿ ಕಾಶೆವ್ವ. “ಈ ಮನಿಗೆ ಈ ಕಾಯ್ದೆ ಹಾಕಿದಾಂವ ನೀನ ಅಲ್ಲೇನು?”

ಹಾಕಿದ್ದು ಅವನೇ, ಸುಳ್ಳಲ್ಲ. ಲಿಂಗ ಕೈಯಲ್ಲಿರುವ ತನಕ ಮನೆಗೆ ಬೆಂಕಿ ಬಿದ್ದರೂ ಕರೆಯಬಾರದು. ಸೋಮಪ್ಪ ದಿನಾ ಬರೋಬ್ಬರಿ ಒಂದು ತಾಸು ಕೂರುತ್ತಿದ್ದ. ಹೋದ ವರ್ಷ ದನ ಗೋವಿನಜೋಳಕ್ಕೆ ನುಗ್ಗಿವೆಯೆಂದು ಆಳು ಗುಡ್ಡಪ್ಪ ಓಡಿಬಂದಾಗ ಕಾಶೆವ್ವ ಅವನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ್ದಳು. ಅರ್ಧ ಬೆಳೆ ದನದ ಹೊಟ್ಟೆ ಸೇರಿತು, ಪೂಜೆಗೆ ಮಾತ್ರ ಭಂಗ ಬರಲಿಲ್ಲ. ಎಂಥ ನಿಷ್ಠೆ ಎಂದು ಊರೆಲ್ಲ ಕೈಮುಗಿದಿತ್ತು. ಆ ತಾಸಿನಲ್ಲಿ ಸೋಮಪ್ಪನ ತಲೆಯಲ್ಲಿ ಬೆಲ್ಲದ ಧಾರಣೆ ಓಡುತ್ತಿತ್ತು, ಬಾಜೂ ಹೊಲದ ಮುರಿಗೆಪ್ಪ ಒತ್ತಿದ ಬದು ಓಡುತ್ತಿತ್ತು, ಒಂದೊಂದು ದಿನ ಸವಿಯಾದ ಜೊಂಪೂ ಹತ್ತುತ್ತಿತ್ತು. ಇದು ಗೊತ್ತಿದ್ದದ್ದು ಅವನಿಗೆ ಮತ್ತು ಶಿವನಿಗೆ.

“ನೀನರ ಎರಡ ರೊಟ್ಟಿ ಬಡಿ ಅವ್ವಾ.”

“ಈ ಜ್ವಾಳ ಬೀಸಾಕ ಹೋಗಬೇಕು. ತಿಕ್ಕೂ ಭಾಂಡೆ ಬಿದ್ದಾವು. ಕೂಸಿನ ಅರಿವಿ ನೀರಾಗ ನೆನ್ಯಾಕ ಹತ್ಯಾವು. ನಂಗೆಲ್ಲಿ ಪುರಸೊತ್ತು?”

ವಿಧಿಯಿಲ್ಲದೆ ಚೇರಮನ್ನರು ಒಲೆಯ ಮುಂದೆ ಕೂತರು. ಹೊಗೆ ಕಣ್ಣಿಗೆ ಬಂತೇ ಹೊರತು ಬೆಂಕಿ ಒಲೆಗೆ ಬರಲು ಬಹಳ ಸತಾಯಿಸಿತು. ಅಷ್ಟರಲ್ಲಿ ಮಗಳು ಬಾಚಣಿಗೆ ತಂದು “ಅಪ್ಪಾ, ಸಾಲಿಗೆ ಹೊತ್ತಾತು, ಹೆರಳು ಹಾಕು” ಎಂದು ಬೆನ್ನು ತಿರುಗಿಸಿ ಕುಳಿತಳು. ಸೋಮಪ್ಪನಿಗೆ ಗೊತ್ತಿದ್ದದ್ದು ಎತ್ತಿನ ಹಗ್ಗ ಹೊಸೆಯುವುದೊಂದೇ. ಅದನ್ನೇ ಅವಳ ತಲೆಯ ಮೇಲೆ ಪ್ರಯೋಗಿಸಿದ. ನಡುನಡುವೆ ಒಂದು ಕೈ ತೊಟ್ಟಿಲು ತೂಗುತ್ತಿತ್ತು. ಒಲೆಗಿಟ್ಟ ಹಾಲು ಉಕ್ಕಿ ಬೆಂಕಿ ಆರಿಹೋಯಿತು.

ಕೊನೆಗೆ ಆತ ಹೆಂಡತಿಯ ಹತ್ತಿರ ಹೋಗಿ ಮಂಡಿಯೂರಿ, “ಬಸ್ಸು ಬರತೈತಿ” ಎಂದು ಪಿಸುಗುಟ್ಟಿದ. ಗೌರವ್ವನ ರೆಪ್ಪೆ ಒಂದಿಷ್ಟು ಅಲುಗಿತು, ಮತ್ತೆ ಹಾಗೇ ಇಳಿಯಿತು. ಸೋಮಪ್ಪ ಆ ಮುಖವನ್ನೇ ನೋಡಿದ. ಭುಜ ಸಡಿಲವಾಗಿತ್ತು, ಉಸಿರು ನಿಧಾನವಾಗಿತ್ತು. ಅವಳು ಜಪ ಮಾಡುತ್ತಿಲ್ಲ, ಸುಮ್ಮನೆ ಕುಳಿತಿದ್ದಾಳೆ! ಪೂಜೆಯ ನೆವದಲ್ಲಿ ಸುಮ್ಮನೆ ಕೂರುವವರ ಗುರುತು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಆದರೆ ಹೇಳುವುದು ಹೇಗೆ? ನಿನಗೆ ಹೇಗೆ ಗೊತ್ತಾಯಿತಪ್ಪಾ ಎಂದು ತಾಯಿ ಕೇಳಿದರೆ? ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಕಣಗಲಾ ಊರಿನ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಸೋಮಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಓಡಿದ. ಅವನು ರಸ್ತೆ ಮುಟ್ಟುವಷ್ಟರಲ್ಲಿ ಅಲ್ಲಿ ಬರೀ ಧೂಳಿತ್ತು.

ತಿರುಗಿ ಬಂದಾಗ ಗೌರವ್ವ ಎದ್ದಿದ್ದಳು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಕೂಸಿಗೆ ಹಾಲೂಡುತ್ತ ಒಲೆಗೆ ಕಟ್ಟಿಗೆ ಸರಿಸುತ್ತಿದ್ದಳು.

“ಒಂದ ತಾಸು ಕುಂತು ದೇವರಿಗೆ ಏನ ಕೇಳಿದಿ?” ಎಂದ ಸೋಮಪ್ಪ.

“ಏನೂ ಕೇಳಲಿಲ್ರಿ.”

“ಮತ್ತ ಏನ ಮಾಡಿದಿ?”

“ಕುಂತಿದ್ದೆ.”

“ಬರೇ ಕುಂತಿದ್ದಿ?”

“ಹೂನ್ರಿ. ನೀವು ದಿನಾ ಕುಂದರತೀರಲ್ಲ, ಹಂಗ.”

ಸೋಮಪ್ಪ ನ್ಯಾಯಕ್ಕಾಗಿ ತಾಯಿಯ ಕಡೆ ತಿರುಗಿ, “ಕೇಳಿದೇನ ಅವ್ವಾ ಇಕಿ ಮಾತು?” ಎಂದ.

ಕಾಶೆವ್ವನ ಬೆರಳು ಜೋಳದಲ್ಲಿ ನಿಂತುಬಿಟ್ಟಿತ್ತು. ಎಪ್ಪತ್ತು ದಾಟಿದ ಮುದುಕಿ ಮೊರವನ್ನು ಪಕ್ಕಕ್ಕೆ ಸರಿಸಿ, ಮಗನನ್ನು ನೋಡದೆ, ಸೊಸೆಯ ಹತ್ತಿರ ಜರುಗಿ ಸಣ್ಣ ದನಿಯಲ್ಲಿ ಕೇಳಿದಳು:

“ಗೌರವ್ವಾ, ಸುಮ್ಮನ ಕುಂತರ ಹೆಂಗ ಅನಸತೈತಿ?”