ಮೂಗಿಲಿಯ ದವಡೆ

ಅಳಿದುಹೋದ ಪ್ರಾಣಿಯ ಎಲುಬಿಗೆ ಅದರ ಕುಲವನ್ನು ಸರಿಯಾಗಿ ಹೇಳಿದರೆ ಅದು ಮೈತುಂಬಿಕೊಂಡು ಎದ್ದು ಓಡುತ್ತಿತ್ತು. ತಪ್ಪಾಗಿ ಹೇಳಿದರೆ ಪುಡಿಯಾಗುತ್ತಿತ್ತು. ಹಾಗಾಗಿ ಧಾರವಾಡದ ಆ ಪ್ರಯೋಗಾಲಯದಲ್ಲಿ ಡಾ. ಕುಸುಮಾವತಿಯವರ ಮೇಜಿನ ಪಕ್ಕ ಪಂಜರವೂ ಇತ್ತು, ಪೊರಕೆಯೂ ಇತ್ತು. ಪೊರಕೆ ಬೇರೆಯವರಿಗೆಂದು ಅವರ ನಂಬಿಕೆ.

ಆ ದಿನ ಬಂದದ್ದು ಮಣ್ಣು ಮೆತ್ತಿದ, ಕಡಲೆಬೀಜದಷ್ಟು ದವಡೆ. ಅಂಥದ್ದು ಇನ್ನೊಂದು ಎಲ್ಲೂ ಸಿಕ್ಕಿರಲಿಲ್ಲ.

"ಮೂಗಿಲಿ ಇರಬೇಕ್ರಿ ಮೇಡಂ," ಎಂದರು ಹೊಸದಾಗಿ ಬಂದ ವಿಜ್ಞಾನಿ ಪಡಸಲಗಿ. "ಇಲಿ ಆಗಿದ್ರ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ನಡುವ ಹಲ್ಲಿರಂಗಿಲ್ರಿ. ಮಣ್ಣು ತಗದು ನೋಡೂಣ್ರಿ."

ಕುಸುಮಾವತಿಗೆ ನಗು ಬಂತು. ಹೆಸರಲ್ಲಿ ಇಲಿ ಇದ್ದರೂ ಉದ್ದ ಮೂತಿಯ ಮೂಗಿಲಿ ಇಲಿಯೇ ಅಲ್ಲ, ಹುಳ ತಿನ್ನುವ ಬೇರೆ ಕುಲ. ಅಜ್ಜಿಯರು ಇಟ್ಟ ಇಂಥ ತಪ್ಪು ಹೆಸರು ಹಿಡಿದುಕೊಂಡು ವಿಜ್ಞಾನ ಮಾಡಲು ಬಂದವನ ಮಾತಿಗೆ ತಾವು ಮಣ್ಣು ಕೆರೆಯುತ್ತ ಕೂರಬೇಕೆ?

"ನಿಮ್ಮ ಮೂಗಿಲಿ, ಬಾಲಿಲಿ ಎಲ್ಲ ಅಡುಗೆಮನೇಲಿ ಇಟ್ಕೊಳ್ಳಿ," ಎಂದು ದವಡೆಯತ್ತ ಬಾಗಿ, "ಇಲಿ," ಎಂದರು.

ಮೊದಲು ಮಣ್ಣು ಉದುರಿತು. ನಡುವೆ ಒತ್ತೊತ್ತಾಗಿದ್ದ ಸೂಜಿಹಲ್ಲುಗಳು ಒಮ್ಮೆ ಕಂಡವು. ಆಮೇಲೆ ಎಲ್ಲವೂ ಪುಡಿಯಾಯಿತು.

ಪಡಸಲಗಿ ಪೊರಕೆ ಎತ್ತಿ ಅವರ ಮುಂದೆ ಹಿಡಿದರು.

ಕುಸುಮಾವತಿ ಅದರತ್ತ ನೋಡದೆ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನತ್ತ ಕತ್ತೆತ್ತಿದರು. "ಈ ಫ್ಯಾನ್ ಹಾಕಿದ್ದು ಯಾರ್ರೀ?" ಎಂದರು.